ನೊರೆ ಒಬ್ಬನಿಗೆ, ಕಾಫಿ ಒಬ್ಬನಿಗೆ

ಕರಜಗಿ, ತಾ. ಅಫಜಲಪುರ
೯ ಡಿಸೆಂಬರ್ ೨೦೨೪, ಸೋಮವಾರ

ಪ್ರೀತಿಯ ಭುವನೇಶ್ವರಿ,

ನಾನು ಇಲ್ಲಿ ಆರಾಮ. ಅತ್ತೆಯವರ ಮೊಣಕಾಲು ನೋವು ಹೇಗಿದೆ? ಥಂಡಿ ದಿನ, ನಸುಕಿನಲ್ಲಿ ಅವರನ್ನು ಅಂಗಳಕ್ಕೆ ಬಿಡಬೇಡ. ನಿನ್ನ ಕೆಮ್ಮು ಹೋಯಿತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬೇಕೆಂದಿದ್ದೆ, ಆದರೆ ನನ್ನ ದನಿ ಕೇಳಿದ ಕೂಡಲೇ ಲೈನ್ ಕಟ್ ಆಗುತ್ತದೆ. ಹದಿನೇಳು ಸಲ ಆಯಿತು. ನಿನ್ನ ತವರು ಮಟಕಿಯ ಟವರನ್ನು ಬೈದು ಬೈದು ಸಾಕಾಗಿ, ಈ ಪತ್ರವನ್ನು ಆಳಂದಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಅಣ್ಣಾರಾಯನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಊರಿನವನೇ, ಸಂಜೆ ಮನೆಗೆ ಬಂದು ಕೊಡುತ್ತಾನೆ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ ಎಂಬುದೊಂದು ಸಮಾಧಾನ.

ಹೋಟೆಲಿನ ಸುದ್ದಿ ಹೇಳುತ್ತೇನೆ. ಕಾಫಿ ಮಷೀನು ಚಲೋ ನಡೆದಿದೆ. ಕಲಬುರಗಿಯಲ್ಲಿ ಮೂರು ದಿನ ಕೂತು ಕಲಿತದ್ದು ದಂಡವಾಗಿಲ್ಲ. ಮೊದಲು ನನ್ನ ಲೆಕ್ಕದಲ್ಲಿ ಕಾಫಿ ಎಂದರೆ ಒಂದೇ, ಚಹಾಪುಡಿ ತೀರಿದ ದಿನ ಕುಡಿಯುವಂಥದ್ದು. ಈಗ ನಾಲ್ಕು ಬಗೆಯನ್ನು ಕಣ್ಣು ಮುಚ್ಚಿ ಹೇಳುತ್ತೇನೆ. ಪುಡಿಯನ್ನು ಬಿಗಿಯಾಗಿ ಒತ್ತಿ, ಬಿಸಿನೀರಿನ ಜೋರಿನಲ್ಲಿ ಇಳಿಸಿದ ಎರಡು ಗುಟುಕಿನ ಕರೀ ರಸ ಎಸ್ಪ್ರೆಸೊ. ಅದಕ್ಕೆ ಬಿಸಿನೀರು ಸೇರಿಸಿದರೆ ಅಮೆರಿಕಾನೊ. ಹಾಲು ಬಹಳ, ನೊರೆ ತುಸು ಇದ್ದರೆ ಲಾಟೆ. ಹಾಲಿನಷ್ಟೇ ನೊರೆಯೂ ಮೇಲೆ ನಿಂತರೆ ಕ್ಯಾಪುಚಿನೊ. ಕಲಿಸಿದವರು ನನ್ನನ್ನು ನೋಡಿ, ಇದು ಇಪ್ಪತ್ತು ವರ್ಷ ಹಾಲು ಕಾಯಿಸಿದ ಕೈ ಎಂದು ಎಲ್ಲರೆದುರು ಹೊಗಳಿದರು. ಕಾಯಿಸುತ್ತಿದ್ದವಳು ನೀನು ಎಂದು ನಾನು ಹೇಳಲಿಲ್ಲ.

ಊರವರಿಗೆ ಮಾತ್ರ ತಿಳಿವಳಿಕೆ ಕಡಿಮೆ. ಕಬ್ಬಿನ ಗಾಡಿಯವರಿಗೆ ಎಸ್ಪ್ರೆಸೊ ಕೊಟ್ಟರೆ, ರುಚಿ ನೋಡಿದ್ದಾಯಿತು, ಇನ್ನು ಕಾಫಿ ತನ್ನಿ ಎಂದು ಕಾಯುತ್ತ ಕುಳಿತರು. ಲಾಟೆಯಲ್ಲಿ ಹಲ್ಲಿಲ್ಲದವರು ಟೋಸ್ಟ್ ಅದ್ದಿ ತಿನ್ನುತ್ತಾರೆ, ಅದೊಂದು ಪರವಾಗಿಲ್ಲ. ಅಮೆರಿಕಾನೊವನ್ನು ಸಾಬವ್ವನ ಎದುರಿಗೆ ಮಾಡಿದ್ದು ನನ್ನ ಗ್ರಹಚಾರ. ನಮಗೆ ಹಾಲು ಹಾಕುವವಳು ಅವಳೇ, ಹಾಲಿನಲ್ಲಿ ನೀರಿದೆ ಎಂದು ನಾನು ಎಷ್ಟು ಸಲ ಅವಳ ಜೀವ ತಿಂದಿಲ್ಲ? ನಾನು ಕಾಫಿಗೆ ನೀರು ಸುರಿಯುವುದನ್ನು ಕಣ್ಣಾರೆ ಕಂಡು ಸೆರಗು ಬಾಯಿಗಿಟ್ಟುಕೊಂಡಳು. “ನಾ ಕದ್ದು ಹಾಕ್ತೇನಿ ಅಂತ ಬೈತಿದ್ರಿ. ನೀವು ಮಂದಿ ಮುಂದನ ಹಾಕಾಕತ್ತೀರಲ್ರಿ” ಎಂದಳು. ಅಂದಿನಿಂದ ಹಾಲು ನಿಜವಾಗಿಯೂ ತೆಳ್ಳಗಾಗಿದೆ, ಕೇಳಲು ನನಗೆ ಬಾಯಿಲ್ಲ.

ಇದೆಲ್ಲ ಇರಲಿ, ನಿನ್ನೆ ಆದದ್ದು ದೊಡ್ಡ ಫಜೀತಿ. ಹೊಲದ ಬದುವಿನ ಜಗಳದಲ್ಲಿ ಧರ್ಮಣ್ಣ ಮತ್ತು ಅವನ ತಮ್ಮ ಮಾಳಿಂಗ ಮಾತು ಬಿಟ್ಟು ಎರಡು ವರ್ಷವಾಯಿತಲ್ಲ, ಹಿರಿಯರು ಹೇಗೋ ಒಪ್ಪಿಸಿ ಇಬ್ಬರನ್ನೂ ನಮ್ಮ ಹೋಟೆಲಿಗೆ ಕರೆತಂದರು. ನಮ್ಮಲ್ಲಿ ರಾಜಿ ಎಂದರೆ ನಿನಗೆ ಗೊತ್ತೇ ಇದೆ: ಒಂದೇ ಚಹಾ, ದೊಡ್ಡವನಿಗೆ ಕಪ್ಪು, ಸಣ್ಣವನಿಗೆ ಕಪ್ಪಿನಡಿಯ ಬಸಿ. ಇಬ್ಬರೂ ಕುಡಿದರೆ ಜಗಳ ಮುಗಿಯಿತು. ದೊಡ್ಡ ಕೆಲಸ, ದೊಡ್ಡ ಕಾಫಿಯೇ ಇರಲಿ ಎಂದು ನಾನು ಕ್ಯಾಪುಚಿನೊ ಇಟ್ಟೆ. ಧರ್ಮಣ್ಣ ಕಪ್ಪನ್ನು ಬಸಿಗೆ ಬಗ್ಗಿಸಿದ. ಬರೀ ನೊರೆ ಇಳಿಯಿತು. ಬಸಿ ನೊರೆಯಿಂದಲೇ ತುಂಬಿತು, ಕಾಫಿಯೆಲ್ಲ ಕಪ್ಪಿನಲ್ಲೇ ಉಳಿಯಿತು. ಮಾಳಿಂಗ ಪಾಪ, ಕಣ್ಣು ಮುಚ್ಚಿ ಬಸಿಯನ್ನು ಸೊರ್ರೆಂದು ಹೀರಿದ, ಗಾಳಿ ಬಂತು. ಮೀಸೆಯೆಲ್ಲ ಬೆಳ್ಳಗಾದದ್ದನ್ನು ನೋಡಿ ಯಾರೋ ನಕ್ಕರು. ಅವನು ಬಸಿ ಕೆಳಗಿಟ್ಟು ಅಣ್ಣನಿಗೆ, “ಹೊಲದಾಗ ಕಲ್ಲು ಬಿಟ್ಟಿ, ಕಪ್ಪಿನಾಗ ನೊರಿ ಬಿಟ್ಟಿ ನನಗ” ಎಂದವನೇ ಎದ್ದು ಹೋದ. ಧರ್ಮಣ್ಣ ಆ ಕಾಫಿ ಮುಟ್ಟಲಿಲ್ಲ. ಹಿರಿಯರು ಹೋಗುವಾಗ ನನ್ನ ಮಷೀನಿನ ಕಡೆ ನೋಡಿ, “ಬರೋ ರವಿವಾರ ಮತ್ತ ಕೂಡಸ್ತೇವಿ. ಭುವನಕ್ಕನ ಚಹಾ ಇದ್ರ ಅಷ್ಟ” ಎಂದರು.

ಆದಕಾರಣ ಶನಿವಾರದೊಳಗೆ ನೀನು ಬಂದರೆ ಒಳ್ಳೆಯದು. ನನಗೇನೂ ಇಲ್ಲ, ಊರಿನ ಕೆಲಸ, ಇಬ್ಬರು ಅಣ್ಣತಮ್ಮಂದಿರ ಪ್ರಶ್ನೆ. ಹೋಗುವಾಗ ಚಹಾ ಸೋಸಣಿಗೆಯನ್ನು ತೊಳೆದು ನಿನ್ನ ಚೀಲದಲ್ಲಿ ಹಾಕಿಕೊಂಡು ಹೋಗಿದ್ದೀಯ, ಅದನ್ನೂ ತರಬೇಕು. ಕಾಫಿ ಕುಡಿದ ಮೇಲೂ ನನ್ನ ತಲೆನೋವು ಹೋಗುವುದಿಲ್ಲ. ಗಿರಾಕಿಗಳಿಗೆ ಕಾಣದಂತೆ ಹಿಂದಿನ ಕೋಣೆಯಲ್ಲಿ ಧೋತರದ ಚುಂಗಿನಲ್ಲಿ ಚಹಾ ಸೋಸಿಕೊಳ್ಳುತ್ತೇನೆ. ಎರಡು ಧೋತರ ಕೆಟ್ಟವು.

ಅತ್ತೆಯವರ ಪಾದಕ್ಕೆ ನನ್ನ ಶರಣು. ಮನೆಯ ಮಕ್ಕಳಿಗೆಲ್ಲ ಆಶೀರ್ವಾದ.

ನಿನ್ನ,
ಗುರುಲಿಂಗ

ತಾ.ಕ.: ಬಸ್ಸು ಹಾರ್ನ್ ಹೊಡೆಯುತ್ತಿದೆ, ಅಣ್ಣಾರಾಯ ಕೈ ಚಾಚಿ ನಿಂತಿದ್ದಾನೆ. ಮೇಲೆ ಊರಿನ ಸಲುವಾಗಿ ಬಾ ಎಂದು ಬರೆದಿದ್ದೇನೆ, ಅದು ಸುಳ್ಳು. ನಿನ್ನ ಚಹಾದ ಕಾಲ ಮುಗಿಯಿತು ಎಂದು ನಾಲ್ಕು ಜನರೆದುರು ನಾನು ಅನ್ನಬಾರದಿತ್ತು. ತಪ್ಪಾಯಿತು. ದಿನಾ ಬೆಳಿಗ್ಗೆ ಒಂದು ಚಹಾ ಮಾಡಿ, ರೂಢಿಯಂತೆ ನಿನ್ನ ಬಸಿಗೆ ಅರ್ಧ ಹಾಕಿ, ಆಮೇಲೆ ನೆನಪಾಗಿ ಅದನ್ನೂ ನಾನೇ ಕುಡಿಯುತ್ತೇನೆ. ಬಸಿಯ ಚಹಾ ಇಷ್ಟು ಬೇಗ ಆರುತ್ತದೆಂದು ಇಪ್ಪತ್ತು ವರ್ಷ ನನಗೆ ಗೊತ್ತೇ ಇರಲಿಲ್ಲ. ಬಾ. ಇನ್ನು ಮೇಲೆ ಕಪ್ಪು ನಿನಗೆ, ಬಸಿ ನನಗೆ.