ನಾಲ್ಕನೆಯ ಹೆಗಲು

ಹಳಿಶಕೆ ನೂರ ಅರವತ್ತೊಂದು, ಎರಡನೇ ಆಷಾಢದ ಮೂವತ್ತೈದನೇ ದಿನ
ಹುಬ್ಬಳ್ಳಿ

ನೂಲಿನಪೇಟೆಯ ಹಿರಿಯರಿಗೆ, ನಿಂಬೆವ್ವನ ಶರಣು.

ನಿಮ್ಮಲ್ಲಿ ಎಷ್ಟೋ ಜನ ಇನ್ನೂ ಶಾಲೆಗೆ ಹೋಗುತ್ತಿರಬಹುದು. ಆದರೂ ನನಗಿಂತ ನೂರರವತ್ತು ವರ್ಷ ಹಿಂದಿನವರಾದ್ದರಿಂದ ನನಗೆ ನೀವು ಹಿರಿಯರೇ. ಮೇಲಿನ ತಾರೀಖು ನೋಡಿ ಮುದುಕಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ನಿಮ್ಮ ಪೇಟೆಯ ಮೇಲೆ ಮೊದಲ ಗಾಡಿ ಓಡಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ, ಅದನ್ನು ಹಳಿಶಕೆ ಎನ್ನುತ್ತೇವೆ. ತಿಂಗಳುಗಳನ್ನು ಗಾಡಿಯ ರಿಪೇರಿಗೆ ತಕ್ಕಂತೆ ಎಳೆದು ಉದ್ದ ಮಾಡಿದ್ದಾರೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಅವುಗಳ ಅರ್ಥವನ್ನು ಹೇಳುತ್ತ ಹೋಗುತ್ತೇನೆ.

ನಿಮ್ಮ ಕಾಲದ ನೂಲಿನಪೇಟೆ ಹೇಗಿತ್ತೆಂದು ಮನೆಯಲ್ಲಿ ಕೇಳಿ ಬಲ್ಲೆ. ಗಿರಣಿ ಮುಚ್ಚಿದ ಮೇಲೆ ಅರ್ಧ ಅಂಗಡಿಗಳಿಗೆ ಬೀಗ ಬಿದ್ದಿತ್ತು, ಗಟಾರ ತುಂಬಿತ್ತು, ನಿಲ್ದಾಣಕ್ಕೆ ಹೋಗುವವರು ಮೂಗು ಮುಚ್ಚಿಕೊಂಡು ದಾಟುತ್ತಿದ್ದರು. ನಮ್ಮಜ್ಜಿಯ ಅಜ್ಜಿ ಅಲ್ಲೇ ಗಿರಮಿಟ್ ಮಾರುತ್ತಿದ್ದಳು. ಪೇಟೆಯನ್ನು ಹೊಸದಾಗಿ ಕಟ್ಟುವ ಸಭೆಯಲ್ಲಿ ಎಲ್ಲರನ್ನೂ ಏನು ಬೇಕೆಂದು ಕೇಳಿದರಂತೆ. ಒಬ್ಬರು ನೆರಳು ಕೇಳಿದರು, ಒಬ್ಬರು ಲಿಫ್ಟ್ ಕೇಳಿದರು, ಆ ಅಜ್ಜಿ ಧೂಳಿಲ್ಲದ ಮನೆ ಮತ್ತು ಬಾಗಿಲಿಗೇ ಬರುವ ಗಾಡಿ ಕೇಳಿದಳು. ಬೀದಿಯನ್ನು ಯಾರೂ ಕೇಳಲಿಲ್ಲ. ಇದ್ದದ್ದನ್ನು ಯಾರು ಕೇಳುತ್ತಾರೆ? ಹಿತ್ತಲ ಗಿಡ ಮದ್ದಲ್ಲ. ಕೇಳಿದ್ದನ್ನೆಲ್ಲ ಕೊಟ್ಟರು, ಕೇಳದ್ದು ಹೋಯಿತು. ಅದಕ್ಕೆ ನನಗೆ ಆ ಅಜ್ಜಿಯ ಮೇಲೆ ಸ್ವಲ್ಪ ಸಿಟ್ಟಿದೆ, ನಿಮ್ಮ ಮೇಲೂ ಇದೆ.

ಈಗ ಕಂಬಗಳ ಮೇಲಿನ ಹಳಿಯ ಎರಡೂ ಬದಿಗೆ ಮನೆಗಳು ಒಂದರ ಮೇಲೊಂದು ಎದ್ದಿವೆ. ಚೆನ್ನಾಗಿಯೇ ಇವೆ, ಸುಳ್ಳು ಹೇಳಬಾರದು. ಸೊಳ್ಳೆಯಿಲ್ಲ, ಸದ್ದಿಲ್ಲ, ನೀರು ಬಾರದ ದಿನವಿಲ್ಲ. ಪ್ರತಿ ಮನೆಗೂ ಒಂದೇ ಬಾಗಿಲು, ಅದು ಹಳಿಯ ಕಡೆಗೆ. ಅದನ್ನು ಮನೆಬಾಯಿ ಎನ್ನುತ್ತೇವೆ. ನಾಲ್ಕು ಜನ ಕೂರುವ ಹರಿಗಾಡಿ ಬಂದು ಅದಕ್ಕೆ ಅಂಟಿ ನಿಂತಾಗ ಮಾತ್ರ ಬಾಗಿಲು ತೆರೆಯುತ್ತದೆ. ಮನೆಯಿಂದ ಗಾಡಿಗೆ, ಗಾಡಿಯಿಂದ ಕೆಲಸಕ್ಕೆ. ಕಾಲಿಗೆ ನೆಲ ತಾಗುವುದಿಲ್ಲ. ಹರಿಗಾಡಿಗಳು ಒಂದೇ ದಿಕ್ಕಿಗೆ ಓಡುತ್ತವೆ, ಊರೆಲ್ಲ ಬಳಸಿ ಮತ್ತೆ ಇಲ್ಲಿಗೇ ಬರುತ್ತವೆ. ಆದ್ದರಿಂದ ನಮಗೆ ಇಡೀ ಊರಿನಲ್ಲಿ ಎಲ್ಲಕ್ಕಿಂತ ದೂರದ ಮನೆ ಯಾವುದೆಂದರೆ ಗಾಡಿ ನಮಗಿಂತ ಮೊದಲು ದಾಟಿ ಬರುವ ಹಿಂದಿನ ಮನೆ, ಗೋಡೆಗೆ ಗೋಡೆ ತಾಗಿದ್ದು. ಅಲ್ಲಿಗೆ ಹೋಗಬೇಕೆಂದರೆ ಉಣಕಲ್ಲು, ಕೇಶ್ವಾಪುರವೆಲ್ಲ ಸುತ್ತಿ ಬರಬೇಕು. ಹಾಗಾಗಿ ಯಾರೂ ಹೋಗುವುದಿಲ್ಲ. ಹೆಸರು ಗೊತ್ತಿಲ್ಲದವರಿಗೆ ಫೋನೂ ಹೋಗುವುದಿಲ್ಲ. ಇದೆಲ್ಲದರ ಕೆಳಗೆ ಕಂಬಗಳ ನಡುವೆ ನಿಮ್ಮ ಪೇಟೆಯ ರಸ್ತೆ ಇನ್ನೂ ಇದೆ. ತಳಬೀದಿ ಎನ್ನುತ್ತೇವೆ. ನೀರಿನ ಕೊಳವೆಗಳು, ಪಾರಿವಾಳಗಳು, ಅಷ್ಟೆ. ಬೆಂಕಿ ಬಿದ್ದರೆ ಇಳಿಯಲೆಂದು ಮನೆಯ ಹಿಂದೆ, ಒಳಗಿನಿಂದಷ್ಟೇ ತೆಗೆಯಬಹುದಾದ ಹಲಗೆಯ ಆಚೆ, ಕಬ್ಬಿಣದ ಮೆಟ್ಟಿಲಿದೆ, ಬೆಂಕಿ ಇನ್ನೂ ಬಿದ್ದಿಲ್ಲ.

ನನ್ನ ಯಜಮಾನರು ಸೋಮಲಿಂಗ ಆ ಮೆಟ್ಟಿಲಿಳಿದು ದಿನಾ ಬೆಳಿಗ್ಗೆ ತಳಬೀದಿಯಲ್ಲಿ ಅಡ್ಡಾಡಿ ಬರುತ್ತಿದ್ದರು. ಹುಚ್ಚು ಎಂದು ನಾನು ನಗುತ್ತಿದ್ದೆ. ಅವರ ಅಜ್ಜ ತಮ್ಮ ಹಿರಿಯರಿಂದ ಕೇಳಿದ ಒಂದು ಸಂಗತಿ ಅವರಿಗೆ ಹೇಳಿದ್ದರಂತೆ. ಪೇಟೆಯಲ್ಲಿ ಹೆಣ ಬಂದರೆ ಅಂಗಡಿಯವರು ಶಟರ್ ಅರ್ಧ ಎಳೆದು ಹೊರಗೆ ನಿಲ್ಲುತ್ತಿದ್ದರು, ಯಾರು ಹೋದರು ಎಂದು ಕೇಳುತ್ತಿದ್ದರು, ಗುರುತಿಲ್ಲದವರೂ ನಾಲ್ಕು ಹೆಜ್ಜೆ ಹೆಗಲು ಕೊಟ್ಟು ಹಿಂದಿರುಗುತ್ತಿದ್ದರು. ಮದುವೆಗೆ ಕರೆದರೆ ಹೋಗಬೇಕು, ಸಾವಿಗೆ ಕರೆಯದಿದ್ದರೂ ಹೋಗಬೇಕು ಎಂಬ ಮಾತು ನಿಮ್ಮದೇ. ನಮ್ಮಲ್ಲಿ ಹೆಣವೂ ಹರಿಗಾಡಿಯಲ್ಲೇ ಹೋಗುತ್ತದೆ. ಗಾಡಿ ಬರುತ್ತದೆ, ಬಾಗಿಲು ತೆರೆಯುತ್ತದೆ, ಮುಚ್ಚುತ್ತದೆ. ಮುಂದಿನ ಗಾಡಿಯವರಿಗೆ ತಡವೂ ಆಗುವುದಿಲ್ಲ.

ಈ ಆಷಾಢದಲ್ಲಿ ಅವರು ಕೆಮ್ಮು ಹತ್ತಿ ಹಾಸಿಗೆ ಹಿಡಿದರು. ಒಂದು ಸಂಜೆ ನನ್ನ ಕೈ ಹಿಡಿದು ಹೇಳಿದರು: “ನನ್ನ ಗಾಡ್ಯಾಗ ಹಾಕಿ ಕಳಸಬ್ಯಾಡ. ನಾಲ್ಕು ಮಂದಿ ಹೊತ್ಕೊಂಡು ಬೀದ್ಯಾಗ ಒಯ್ರಿ. ಯಾರು ಹೋದ್ರು ಅಂತ ಒಬ್ಬರರ ಕೇಳ್ಲಿ.”

ಆಗಲಿ ಎಂದೆ. ಅವರು ಹೋದ ಮೇಲೆ ಗೊತ್ತಾಯಿತು, ನಾನು ಎಂಥ ಮಾತು ಕೊಟ್ಟೆನೆಂದು. ಗದಗದಿಂದ ಅವರ ತಂಗಿಯ ಮಗ ಬಂದ. ಅವನೊಬ್ಬ, ನಾನೊಬ್ಬಳು. ಸಾವಿರಾರು ಮನೆಗಳ ನಡುವೆ ಕೂತು ಇನ್ನಿಬ್ಬರನ್ನು ಹುಡುಕಬೇಕಾಯಿತು. ಮುಂದಿನ ಮನೆಗೆ ಹೋದೆ. ಮನೆಬಾಯಿ ನನ್ನ ಹೆಸರು, ಕೆಲಸ ಕೇಳಿತು. ಮಣ್ಣಿಗೆ ಕರೆಯಲು ಬಂದಿದ್ದೇನೆ ಎಂದೆ. ಅದಕ್ಕೆ ಆ ಮಾತು ತಿಳಿಯಲಿಲ್ಲ, ತೋಟಕ್ಕೆ ಮಣ್ಣು ಬೇಡವೆಂದು ಹೇಳಿ ಗಾಡಿಯನ್ನು ಮುಂದಕ್ಕೆ ಕಳಿಸಿತು. ಅದರ ಮುಂದಿನದು ತೆರೆಯಲೇ ಇಲ್ಲ. ಗಾಡಿಯಲ್ಲಿ ಒಬ್ಬಳೇ ಕೂತು ಅತ್ತೆ. ಅಷ್ಟು ದಿನ ಒಂಟಿತನ ಅಂದರೆ ಜನರಿಲ್ಲದಿರುವುದು ಎಂದುಕೊಂಡಿದ್ದೆ.

ಹಾಗೇ ಕೂತಿದ್ದರಿಂದ ಗಾಡಿ ಊರು ಬಳಸಿ ನಮ್ಮ ಹಿಂದಿನ ಮನೆಯ ಮುಂದೆ ಬಂದಿತು. ನಿಲ್ಲಿಸಿದೆ. ಅಲ್ಲಿ ಮಕ್ತುಂಬಿ ಎಂಬ ಹೆಂಗಸು, ನನ್ನದೇ ವಯಸ್ಸು, ನಮ್ಮ ಮನೆಯಷ್ಟೇ ಹಳೆಯ ವಾಸ. ಅವಳ ಮುಖ ನಾನು ಒಮ್ಮೆಯೂ ಕಂಡಿರಲಿಲ್ಲ. ನಾನು ಹೆಸರು ಹೇಳುವ ಮೊದಲೇ ಅವಳು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. “ಗೋಡಿ ಆಚೆ ಕೆಮ್ಮು ನಿಂತಾಗನ ನನಗ ತಿಳೀತು, ಯವ್ವಾ,” ಅಂದಳು. “ಗಾಡ್ಯಾಗ ಬಂದ್ರ ಹೆಸರು ಗೊತ್ತಿಲ್ದ ನಿಮ್ಮ ಮನಿಬಾಯಿ ತೆಗಿಯೂದಿಲ್ಲ, ನಡದು ಬರಬೇಕಂದ್ರ ನಿಮ್ಮ ಕಡೆ ಬಾಗಿಲಾ ಇಲ್ಲ.”

ಅವಳೂ ಅವಳ ಅಳಿಯನೂ ಬಂದರು. ಮಂಚದ ಹಲಗೆಗೆ ಬಿದಿರು ಕಟ್ಟಿ ಚಟ್ಟ ಮಾಡಿದೆವು. ಹೆಂಗಸರು ಹೊರಬಾರದೆಂದು ನಿಮ್ಮ ಕಾಲದಲ್ಲಿ ಹೇಳುತ್ತಿದ್ದರಂತೆ, ನಮ್ಮಲ್ಲಿ ಹಾಗೆ ಹೇಳಲಿಕ್ಕೂ ಯಾರೂ ಇರಲಿಲ್ಲ. ಮೆಟ್ಟಿಲಲ್ಲಿ ಎರಡು ಸಲ ಇಳಿಸಿ ಸುಧಾರಿಸಿಕೊಂಡೆವು. ತಳಬೀದಿಯ ಉದ್ದಕ್ಕೂ ನಡೆದೆವು. ಎರಡೂ ಕಡೆ ಗೋಡೆ, ಮೇಲೆ ಗಾಡಿಗಳು. ಒಂದು ಕಿಟಕಿಯೂ ಕೆಳಗೆ ನೋಡುವುದಿಲ್ಲ, ಯಾರು ತಾನೇ ಕೇಳಬೇಕು? ಇವರ ಆಸೆ ಇವರ ಜೊತೆಗೇ ಮಣ್ಣಾಗುತ್ತದೆ ಎಂದು ನನಗೆ ಸಂಕಟವಾಯಿತು. ಅರ್ಧ ದಾರಿಯಲ್ಲಿ ಮಕ್ತುಂಬಿ ತನ್ನ ಬದಿಯ ಬಿದಿರನ್ನು ಪಕ್ಕದಲ್ಲಿದ್ದ ಇವರ ತಂಗಿಯ ಮಗನ ಇನ್ನೊಂದು ಹೆಗಲಿಗೆ ದಾಟಿಸಿ, ಮುಂದೆ ಓಡಿ, ಗೋಡೆಗೆ ಬೆನ್ನು ಕೊಟ್ಟು ಅಂಗಡಿಯವಳ ಹಾಗೆ ನಿಂತಳು. ಏದುಸಿರಿನಲ್ಲೇ ಜೋರಾಗಿ ಕೇಳಿದಳು.

“ಯಾರು ಹೋದ್ರವ್ವಾ?”

“ಸೋಮಲಿಂಗ,” ಅಂದೆ. “ನಮ್ಮ ಮನಿಯವ್ರು.”

ಅವಳು ಬಂದು ಮತ್ತೆ ಹೆಗಲು ಕೊಟ್ಟಳು. ಮಣ್ಣು ಮಾಡಿ ಬಂದೆವು.

ನಿಮ್ಮ ಮುಂದೆ ಈಗ ಪೇಟೆಯ ನಕ್ಷೆ ಹರಡಿದೆ ಎಂದು ನನಗೆ ಗೊತ್ತು. ಹಳಿ ಬೇಡ ಎನ್ನುವುದಿಲ್ಲ. ಗಟಾರ ಸ್ವಚ್ಛ ಮಾಡಿ, ಮುಚ್ಚಿದ ಅಂಗಡಿ ತೆರೆಯಿರಿ, ಎತ್ತರದ ಮನೆ ಕಟ್ಟಿ, ಗಾಡಿ ಬಾಗಿಲಿಗೇ ಬರಲಿ. ಆದರೆ ಪ್ರತಿ ಮನೆಗೂ ಬೀದಿಯ ಕಡೆಗೊಂದು ಬಾಗಿಲು ಇರಲಿ. ಅದರಿಂದ ಏನು ಉಪಯೋಗ ಎಂದು ಸಭೆಯಲ್ಲಿ ಯಾರಾದರೂ ಕೇಳುತ್ತಾರೆ. ಆಗ ಏನು ಹೇಳಬೇಕೋ ನನಗೂ ಹೊಳೆಯುತ್ತಿಲ್ಲ. ಹಠ ಹಿಡಿಯಿರಿ.

ಇದು ಅವರಿಗಾಗಿ ಕೇಳುತ್ತಿರುವುದಲ್ಲ, ಅವರದು ಮುಗಿಯಿತು. ಸೋಮಲಿಂಗನಿಗೆ ನಾಲ್ಕನೆಯ ಹೆಗಲು ನನ್ನದಿತ್ತು. ನನ್ನ ಸರದಿ ಬಂದಾಗ ಮೂರೇ ಇರುತ್ತವೆ. ನಾಲ್ಕನೆಯವರು ಇಲ್ಲೇ ಎಲ್ಲೋ ಇದ್ದಾರೆ, ಯಾವುದೋ ಗೋಡೆಯ ಆಚೆ, ಒಳ್ಳೆಯವರೇ ಇರಬೇಕು. ಅವರು ಇಳಿದು ಬರಲು ನೀವೊಂದು ಬಾಗಿಲು ಇಡಿ.

ನಿಮ್ಮ
ನಿಂಬೆವ್ವ