ಟೇಪಿನ ತಪ್ಪಲ್ಲ

ಮಹಡಿಯ ಹೊಲಿಗೆ ಕೋಣೆ
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಗಿಡ್ಡಾ,

ಹೇಗಿದ್ದೀಯ? ಹೊಸ ಕೆಲಸದ ಕಡೆ ಮರದ ಪುಡಿಗೆ ಮತ್ತೆ ಕೆಮ್ಮು ಶುರುವಾಗಿಲ್ಲ ತಾನೆ? ಮೂಗಿಗೆ ಬಟ್ಟೆ ಕಟ್ಟಿಕೋ. ಚೆನ್ನಾಗಿ ಕಾಣುವುದಿಲ್ಲ ಎಂದು ಬಿಚ್ಚಿಡಬೇಡ, ಅಲ್ಲಿ ನಿನ್ನನ್ನು ನೋಡುವುದು ಹಲಗೆಗಳು ಮಾತ್ರ. ನಾನು ಚೆನ್ನಾಗಿದ್ದೇನೆ. ಎಂಟು ತಿಂಗಳ ಹಿಂದೆಯೂ ಇದನ್ನೇ ಹೇಳಿದ್ದೆ, ನೀನು ನಂಬಲಿಲ್ಲ. ಈ ಸಲ ನಂಬು.

ಅವತ್ತು ನೀನು ನನ್ನ ತೋಳಿನ ಮೇಲೆ ನೀಲಿ ಗುರುತುಗಳನ್ನು ನೋಡಿದೆ. ಅದಕ್ಕೆ ಮೊದಲು ಎರಡು ಸಲ ಪಕ್ಕೆಲುಬು ಮುರಿದದ್ದೂ ನಿನಗೆ ಗೊತ್ತಿತ್ತು. ಕೆಮ್ಮಿದ್ದಕ್ಕೆ ಮುರಿಯಿತು ಎಂದರೆ ಯಾರು ನಂಬುತ್ತಾರೆ? ನೀನು ನೇರವಾಗಿ ಕೆಳಗಿನ ಮರಗೆಲಸದ ಶೆಡ್ಡಿಗೆ ಇಳಿದು, ಐದು ಜನ ಕೆಲಸದವರ ಎದುರು ನಿನ್ನ ಭಾವನ ಕಾಲರ್ ಹಿಡಿದೆ. 'ಅವರು ಹೊಡೆದಿಲ್ಲ ಕಣೋ' ಎಂದರೆ, 'ಎಲ್ಲ ಹೆಂಗಸರೂ ಹೀಗೇ ಹೇಳ್ತಾರಕ್ಕಾ' ಎಂದು ನಿನ್ನ ಉಳಿಗಳನ್ನೂ ಬಿಟ್ಟು ಹೊರಟುಹೋದೆ.

ಚಳಿಗಾಲದಲ್ಲಿ ಬಟ್ಟೆಯ ಥಾನು ಎತ್ತುವಾಗ ಬೆನ್ನುಮೂಳೆ ಚಳಕ್ ಎಂದಿತು. ಆಸ್ಪತ್ರೆಯ ಡಾಕ್ಟರಮ್ಮ ಎಕ್ಸ್‌ರೇಯಲ್ಲಿ ಮುರಿದ ಮೂಳೆಗಳನ್ನು ನೋಡಿ, ಮೊದಲು ನಿನ್ನ ಭಾವನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ನೀನು ಕೇಳಿದ್ದನ್ನೇ ಕೇಳಿದರು. ಇಲ್ಲ ಎಂದೆ. ಹಾಗಾದರೆ ದಪ್ಪ ಆಗಲು ಶುರುವಾದದ್ದು ಯಾವಾಗ ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿತ್ತು. ಗಿರಾಕಿಗಳ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಆರು ತಿಂಗಳಿಗೊಮ್ಮೆ ನನ್ನದನ್ನೂ ಬರೆದಿಡುತ್ತೇನಲ್ಲ. ಎರಡು ವರ್ಷದಲ್ಲಿ ಸೊಂಟ ಐದಿಂಚು ಹೆಚ್ಚು, ತೋಳಿನ ಸುತ್ತು ಒಂದೂವರೆ ಕಡಿಮೆ, ಎತ್ತರ ಒಂದಿಂಚು ಕಡಿಮೆ. ಎತ್ತರ ಕಡಿಮೆ ಬಂದದ್ದಕ್ಕೆ ಟೇಪು ಜಗ್ಗಿ ಉದ್ದವಾಗಿದೆ ಎಂದುಕೊಂಡು ಹೊಸದು ಕೊಂಡಿದ್ದೆ. ಅದೂ ಅಷ್ಟೇ ತೋರಿಸಿದಾಗ ಅಂಗಡಿಯವನನ್ನು ಬೈದು ಬಂದಿದ್ದೆ. ಡಾಕ್ಟರಮ್ಮ ಪುಸ್ತಕ ತರಿಸಿಕೊಂಡು ಆ ಹಾಳೆಯನ್ನು ಎರಡು ಸಲ ಓದಿದರು.

ಎಡ ಮೂತ್ರಪಿಂಡದ ಮೇಲಿನ ಪುಟ್ಟ ಗ್ರಂಥಿಯಲ್ಲಿ ಕೋಟಿನ ಗುಂಡಿಯಷ್ಟು ದೊಡ್ಡ ಗಡ್ಡೆ. ಅದು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳತೆ ಮೀರಿ ಸುರಿಯುತ್ತಿತ್ತಂತೆ. ಅದು ಹೆಚ್ಚಾದರೆ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ, ಚರ್ಮ ತೆಳುವಾಗಿ ಸುಮ್ಮನೆ ಹಿಡಿದರೂ ನೀಲಿಗಟ್ಟುತ್ತದೆ. ನೀನು ಕಾಲರ್ ಹಿಡಿದು ಕೇಳಬೇಕಾಗಿದ್ದದ್ದು ಆ ಗಡ್ಡೆಯನ್ನು. ತೆಗೆದು ಒಂಬತ್ತು ವಾರವಾಯಿತು, ಕ್ಯಾನ್ಸರ್ ಅಲ್ಲ. ಇನ್ನೊಂದು ಕಡೆಯ ಗ್ರಂಥಿ ಚೇತರಿಸಿಕೊಳ್ಳುವವರೆಗೆ ಮಾತ್ರೆ ನುಂಗಬೇಕು. ಮುಖದ ಊತ ಇಳಿದಿದೆ, ಮೂಳೆ ನಿಧಾನವಾಗಿ ಗಟ್ಟಿಯಾಗುತ್ತದಂತೆ. ಹೋದ ಒಂದಿಂಚು ಮಾತ್ರ ಬರುವುದಿಲ್ಲ. ನೀನು ನನಗಿಂತ ಅರ್ಧ ಇಂಚು ಕಡಿಮೆ ಇದ್ದೆಯಲ್ಲ, ಇನ್ನು ನಿನ್ನನ್ನು ಗಿಡ್ಡ ಎನ್ನುವ ಹಕ್ಕು ನನಗಿಲ್ಲ. ನನ್ನ ಬಟ್ಟೆಗಳ ಅಂಚನ್ನೆಲ್ಲ ಮಡಿಚಿ ಹೊಲಿದುಕೊಂಡೆ. ಒಂದು ಮಧ್ಯಾಹ್ನದ ಕೆಲಸ.

ನಿನ್ನ ಭಾವನಿಗೆ ಸಿಟ್ಟಿಲ್ಲ. ಹೊರಗೆ ಕಳಿಸಿದ ಕಾರಣವನ್ನು ಡಾಕ್ಟರಮ್ಮ ಹೇಳಿದಾಗ, 'ನಮ್ಮ ಭಾಮೈದ ಇದನ್ನ ಮೊದಲೇ ಕೇಳಿದಾನೆ' ಎಂದರು, ನೀನೇನೋ ಪರೀಕ್ಷೆಯಲ್ಲಿ ಮೊದಲ ಸ್ಥಾನ ಪಡೆದವನ ಹಾಗೆ. ಶನಿವಾರ ಶನಿವಾರ ನಿನ್ನ ಉಳಿಗಳಿಗೆ ಎಣ್ಣೆ ಹಚ್ಚಿಡುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಗಟ್ಟಿ ಮೂಳೆಯವನಾಗಿ ನೂರು ಕಾಲ ಬಾಳು.

ಈಗ ನಿನಗಿಂತ ಗಿಡ್ಡಳಾದ
ಅಕ್ಕ

ಲಕೋಟೆ ಅಂಟಿಸುವ ಮೊದಲು ಒಂದು ಮಾತು. ನೀನು ಹೊರಟುಹೋದ ದಿನದಿಂದ ನಿನ್ನ ಭಾವ ನನ್ನ ಕೈ ಹಿಡಿದಿಲ್ಲ. ಮೆಟ್ಟಿಲಿಳಿಯುವಾಗ ಪಕ್ಕದಲ್ಲೇ ಬರುತ್ತಾರೆ, ಕೈ ಚಾಚುತ್ತಾರೆ, ಎಲ್ಲಿ ಗುರುತು ಬಿದ್ದೀತೋ ಎಂದು ಮುಟ್ಟುವುದಿಲ್ಲ. ಕೆಲಸದವರಲ್ಲಿ ಇಬ್ಬರು ಇನ್ನೂ ಅವರ ಮುಖ ನೋಡಿ ಮಾತಾಡುವುದಿಲ್ಲ. ನಾನು ಹೇಳಿ ಪ್ರಯೋಜನವಿಲ್ಲ, ಎಲ್ಲ ಹೆಂಗಸರೂ ಹೀಗೇ ಹೇಳುತ್ತಾರೆ. ಆದ್ದರಿಂದ ಭಾನುವಾರ ಬರಬೇಡ, ಕೆಲಸದ ದಿನ ಬಾ. ಕ್ಷಮೆ ಗಿಮೆ ಏನೂ ಬೇಡ. ಕಾಲರ್ ಹಿಡಿದ ಜಾಗದಲ್ಲೇ ನಿಂತು, ಎಲ್ಲರಿಗೂ ಕೇಳುವ ಹಾಗೆ ಒಂದು ಸಲ 'ಭಾವಾ' ಅಂತ ಕರೆ.