ಅಪ್ಪನ ಪಾತ್ರ

ಅಟ್ಲಾಂಟಾ, ಶುಕ್ರವಾರ

ಅನ್ವಿತನ ಅಪ್ಪನಿಗೆ ನಮಸ್ಕಾರ.

ಮಗನ ಹೆಸರೆತ್ತಿದರೆ ನೀವು ಫೋನ್ ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ನಿನ್ನೆ ಅವನ ಒಪೆರಾ ನೋಡಿದೆ, ಮಾತೆಲ್ಲ ಹಾಡಿನಲ್ಲೇ ನಡೆಯುವ ನಾಟಕ. ದಪ್ಪ ದನಿಯವನೆಂದು ಅವನಿಗೆ ಮಗನನ್ನು ಹೊರಹಾಕುವ ಅಪ್ಪನ ಪಾತ್ರ ಕೊಟ್ಟಿದ್ದಾರೆ. ಬಾಗಿಲಿಗೆ ಬೆರಳು ತೋರಿಸಿ ನಿಂತನಲ್ಲ, ದೇವರಾಣೆ, ಇವನು ಓದು ಬಿಟ್ಟು ಹಾಡುತ್ತೇನೆಂದ ದಿನದ ನೀವೇ! ನಾನು ಎದ್ದು, "ರೀ, ಸಾಕು, ಮಗೂನ ಬಿಡ್ರೀ!" ಎಂದು ಕೂಗಿಬಿಟ್ಟೆ. ಇಡೀ ಸಭೆ ತಿರುಗಿ ನೋಡಿತು.

ಆಟ ಮುಗಿದ ಮೇಲೆ ಅವನಿಗೆ, "ಅಪ್ಪನ್ನ ಅಣಕಿಸ್ತೀಯೇನೋ?" ಎಂದು ಬೈದೆ.

"ನೋ ಅಮ್ಮಾ, ನಂಗೆ ಗೊತ್ತಿರೋ ಅಪ್ಪ ಅವ್ರೊಬ್ರೇ," ಎಂದ.

ಒಪೆರಾದ ಕೊನೆಗೆ ಆ ಅಪ್ಪ ಬಾಗಿಲು ತೆರೆದು ಮಗನನ್ನು ಒಳಗೆ ಕರೆಯುತ್ತಾನೆ. ಅದೊಂದು ನಮ್ಮವನಿಗೆ ಸರಿಯಾಗಿ ಬರುತ್ತಿಲ್ಲ. ಅಂಥದ್ದನ್ನು ಅವನು ಎಲ್ಲಿ ನೋಡಿದ್ದಾನೆ? ಮುಂದಿನ ತಿಂಗಳ ಆಟದ ಟಿಕೆಟ್ ಇದರ ಜೊತೆ ಇಟ್ಟಿದ್ದೇನೆ. ದೇವರಿಗೆ ದೀಪ ಹಚ್ಚಿ ಹೊರಡಿ.

ನಿಮ್ಮ
ಕುಸುಮಾವತಿ